ಮ್ಯಾಮತ್‌ನಿಂದ ಬಂಡೀಪುರದ ಆನೆಯವರೆಗೆ: ಒಂದು ಮಕ್ಕಳ ಚಿತ್ರದ ಮರುನೋಟ

ಝೆಕ್ ನಿರ್ದೇಶಕ ಕಾರೆಲ್ ಝೆಮನ್ 1955ರಲ್ಲಿ ರೂಪಿಸಿದ, ‘ಆದಿಕಾಲಕ್ಕೆ ಪಯಣ’ ಎಂಬರ್ಥದ ಹೆಸರಿನ ಚಿತ್ರವು ಮಕ್ಕಳ ಸಾಹಸ ಚಿತ್ರಗಳಲ್ಲಿ ಮಹತ್ತ್ವದ ಕೃತಿ. ಟ್ರೈಲೊಬೈಟ್ ಎಂಬ ಪ್ರಾಚೀನ ಜಲಚರದ ಪಳೆಯುಳಿಕೆಯನ್ನು ಕಂಡ ನಾಲ್ವರು ಬಾಲಕರು, ಅದನ್ನು ಜೀವಂತವಾಗಿ ಕಾಣಲು ದೋಣಿಯೇರುತ್ತಾರೆ. ನದಿಯೇ ಇಲ್ಲಿ ಕಾಲ; ದೋಣಿ ಮುಂದೆ ಸಾಗಿದಷ್ಟೂ ಜಗತ್ತು ಹಿಂದಕ್ಕೆ ಸರಿಯುತ್ತದೆ. ಮೊದಲು ಹಿಮಯುಗದ ಮ್ಯಾಮತ್, ಅನಂತರ ಡೈನೋಸಾರ್‌ಗಳು ಎದುರಾಗುತ್ತವೆ. ಗೊಂಬೆಗಳನ್ನು ತುಸುತುಸುವೇ ಕದಲಿಸಿ, ಒಂದೊಂದೇ ಚೌಕಟ್ಟಿನಲ್ಲಿ ಸೆರೆಹಿಡಿದು ಈ ಪ್ರಾಣಿಗಳಿಗೆ ಚಲನೆ ನೀಡಲಾಗಿದೆ. ಅಳಿದುದನ್ನು ಕಲೆಯು ಕಾಣಿಸಬಲ್ಲದು, ಮರಳಿ ತರಲಾರದು.

ಕನ್ನಡದಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ನಾಗರಹೊಳೆ’ (1977) ಮಕ್ಕಳನ್ನು ಗತಕಾಲಕ್ಕಲ್ಲ, ಇರುವ ಕಾಡಿಗೇ ಕರೆದೊಯ್ಯಿತು. ಆ ಕಾಡಿಗೂ ಬಂಡೀಪುರಕ್ಕೂ ನಡುವೆ ಹರಿಯುವುದು ಕಬಿನಿ. ಬೇಸಗೆಯಲ್ಲಿ ಅದರ ಹಿನ್ನೀರಿಗೆ ಇಳಿದು ಬರುವ ಆನೆಗಳು, ವಂಶವಾಹಿ ಅಧ್ಯಯನಗಳ ಪ್ರಕಾರ, ಆಫ್ರಿಕದ ಆನೆಗಳಿಗಿಂತ ಮ್ಯಾಮತ್‌ಗೇ ಹತ್ತಿರದ ಬಂಧುಗಳು. ಬಂಡೀಪುರವನ್ನು ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿರ್ಬಂಧಿಸಿದುದರ ಮಹತ್ತ್ವ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಝೆಮನ್‌ಗೆ ಮ್ಯಾಮತ್ ಗೊಂಬೆಯಾಗಿ ಮಾತ್ರ ದೊರೆಯಿತು. ಅದರ ಬಂಧುವಿಗೂ ಅದೇ ಗತಿ ಬಾರದಿರಬೇಕಾದರೆ ಕಾಡಿಗೆ ಈ ಇರುಳಿನ ಬಿಡುವು ಅಗತ್ಯ.