ಅಂಗೈಯಲ್ಲಿ ಕುಳಿತ ಸುಂಟರಗಾಳಿ

ಅಂಗೈ ಮೇಲೆ ಒಂದು ಚಕ್ರ. ಲಿಂಬೆಹಣ್ಣಿಗಿಂತ ದೊಡ್ಡದಲ್ಲ. ಸುತ್ತಲೂ ಬಾಗಿದ ತೆಳು ರೆಕ್ಕೆಗಳು, ನಡುವೆ ಕಿರುಬೆರಳಿಗಿಂತ ಸಣ್ಣ ದಂಡ. ಹುಬ್ಬಳ್ಳಿ ಹತ್ತಿರದ ಅಮರಗೋಳದ ಗ್ಯಾರೇಜಿನಲ್ಲಿ ಹಳೆಯ ಪೇಪರ್ ಹಾಸಿ ಬಿಚ್ಚಿಟ್ಟಿದ್ದ ಅದನ್ನು ಎತ್ತಿಕೊಂಡು, "ಇದೇನು, ಹುಡುಗರ ಬುಗುರಿ ಇದ್ದಂಗದ!" ಎಂದೆ. ಮೇಸ್ತ್ರಿ ನಕ್ಕರು.

"ಸರ, ಆ ಬುಗುರಿ ನಿಮಿಷಕ್ಕ ಎರಡ ಲಕ್ಷ ಸುತ್ತ ತಿರಗತೈತ್ರಿ."

ಎರಡು ಲಕ್ಷ! ಮನಸ್ಸಿನಲ್ಲೇ ಭಾಗಿಸಿದೆ. ಸೆಕೆಂಡಿಗೆ ಮೂರು ಸಾವಿರಕ್ಕೂ ಮಿಕ್ಕಿ. ಅಡುಗೆಮನೆಯ ಮಿಕ್ಸಿ ನಿಮಿಷಕ್ಕೆ ಇಪ್ಪತ್ತು ಸಾವಿರ ಮುಟ್ಟಿದರೆ ದೊಡ್ಡದು. ನಾವು "ಅಮರಗೋಳ" ಎಂದು ಬಾಯ್ತುಂಬ ಹೇಳಿ ಮುಗಿಸುವಷ್ಟರಲ್ಲಿ ಈ ಲಿಂಬೆಹಣ್ಣು ಮೂರು ಸಾವಿರ ಸುತ್ತು ಹಾಕಿರುತ್ತದೆ. ಅದನ್ನು ತಿರುಗಿಸುವುದು ಯಾವ ಮೋಟರೂ ಅಲ್ಲ. ನಾವು ಮೂಗು ಮುಚ್ಚಿಕೊಳ್ಳುವ ಹೊಗೆ! ಇದು ಕಾರಿನ ಟರ್ಬೊದ ಚಕ್ರ.

ಬಾನೆಟ್ ತೆರೆದು ನಿಂತಿದ್ದದ್ದು ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 2004ರಲ್ಲಿ ಭಾರತದ ರಸ್ತೆಗಿಳಿದ, 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ, 150 ಅಶ್ವಶಕ್ತಿಯ ಕಾರು. ಇಂದಿಗೂ ಅದರ ಹೆಸರೆತ್ತಿದರೆ ಗಾಡಿ ಹುಚ್ಚಿನವರ ಕಣ್ಣು ಅರಳುತ್ತದೆ. ಅದರ ಕೆ03 ಎಂಬ ಚಿಕ್ಕ ಟರ್ಬೊ ತೆಗೆದು, ಅದರ ಅಣ್ಣನಂತಿರುವ ಕೆ04 ಕೂರಿಸಬೇಕು, ಹೊಗೆ ಕೊಳವೆಯನ್ನೂ ಅಗಲ ಮಾಡಬೇಕು ಎಂಬುದು ಮಾಲೀಕರ ಆಸೆ.

ಆಸೆ ಯಾಕೆಂದು ತಿಳಿಯಲು ಗಾಳಿಯ ಲೆಕ್ಕ ಗೊತ್ತಿರಬೇಕು. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿಯಲು ಎಷ್ಟು ಗಾಳಿ ಬೇಕು? ಸುಮಾರು ಒಂಬತ್ತು ಸಾವಿರ ಲೀಟರ್! ಪೆಟ್ರೋಲ್ ಎಷ್ಟು ಬೇಕಾದರೂ ಸುರಿಯಬಹುದು, ಗಾಳಿ ತುಂಬುವುದೇ ಕಷ್ಟ. ಸಾಮಾನ್ಯ ಎಂಜಿನ್ ತನ್ನಷ್ಟಕ್ಕೆ ಎಳೆದುಕೊಂಡಷ್ಟೇ ಅದರ ಪಾಲು. ಇತ್ತ ಉರಿದ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರಿನಿಂದ ಬಯಲಿಗೆ ಹೋಗುತ್ತದೆ. ನೂರು ರೂಪಾಯಿಯ ಪೆಟ್ರೋಲಿನಲ್ಲಿ ಮೂವತ್ತು ರೂಪಾಯಿ ಹೊಗೆ! ಟರ್ಬೊ ಆ ಹೊಗೆಯನ್ನು ಬಾಗಿಲಲ್ಲೇ ತಡೆದು, "ಹೋಗೂ ಮುಂಚೆ ಒಂದಿಷ್ಟು ಕೆಲಸಾ ಮಾಡಿ ಹೋಗು" ಎನ್ನುತ್ತದೆ.

ಒಂದೇ ದಂಡಕ್ಕೆ ಎರಡು ಚಕ್ರ. ಎರಡಕ್ಕೂ ಬಸವನಹುಳುವಿನ ಚಿಪ್ಪಿನಂಥ ಮನೆ. ಒಂದು ಮನೆಗೆ 900 ಡಿಗ್ರಿಯ ಹೊಗೆ ನುಗ್ಗಿ ಚಕ್ರವನ್ನು ತಿರುಗಿಸುತ್ತದೆ. ಪಕ್ಕದ ಮನೆಯ ಚಕ್ರ ಹೊರಗಿನ ಗಾಳಿಯನ್ನೆಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಆ ಎರಡನೇ ಚಕ್ರ ಅಲ್ಯೂಮಿನಿಯಂನದು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಗೇಣು ದೂರದಲ್ಲಿ ಕೆಂಡ, ಈಚೆ ಕರಗುವ ಲೋಹ! ನಡುವಿನ ದಂಡ ಎಣ್ಣೆಯ ತೆಳು ಪದರದ ಮೇಲೆ ತೇಲುತ್ತ ತಿರುಗುತ್ತದೆ.

ಮೇಸ್ತ್ರಿ ಹಳೆಯ ಟರ್ಬೊದ ದಂಡದ ತುದಿ ಹಿಡಿದು ಅಲುಗಿಸಿ ತೋರಿಸಿದರು. ಆಚೀಚೆ ಕೂದಲೆಳೆಯಷ್ಟು ಅಲುಗಿದರೆ ಪರವಾಗಿಲ್ಲ, ಎಣ್ಣೆ ಬಂದರೆ ಅದು ತುಂಬಿಕೊಳ್ಳುತ್ತದೆ. ಹಿಂದೆ ಮುಂದೆ ಜಗ್ಗಾಡಿದರೆ ಮಾತ್ರ ಆಯುಷ್ಯ ಮುಗಿದಂತೆ. ನಾಡಿ ನೋಡುವ ವೈದ್ಯರ ಹಾಗೆ ಎರಡೇ ಬೆರಳಲ್ಲಿ ರೋಗ ಹಿಡಿದರು!

ಹಾಗಾದರೆ ದೊಡ್ಡ ಟರ್ಬೊ ಹಾಕಿಬಿಟ್ಟರೆ ಮುಗಿಯಿತೇ? ಇಲ್ಲಿಂದಲೇ ಕಥೆ ಶುರು. ಚಕ್ರ ದೊಡ್ಡದಾದರೆ ಭಾರವೂ ಹೆಚ್ಚು, ತಿರುಗಿ ವೇಗ ಹಿಡಿಯಲು ಹೊತ್ತು ಬೇಕು. ಆಕ್ಸಿಲರೇಟರ್ ತುಳಿದ ಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಬೆನ್ನಿಗೆ ಗುದ್ದಿದಂತೆ ನುಗ್ಗುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿ ಗಾಳಿ ಹಿಗ್ಗುತ್ತದೆ, ಅದನ್ನು ತಣಿಸಲು ಇಂಟರ್‌ಕೂಲರ್ ಬೇಕು. ಗಾಳಿ ಹೆಚ್ಚಿದರೆ ಪೆಟ್ರೋಲ್ ಹೆಚ್ಚಬೇಕು, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಹೊಸ ಲೆಕ್ಕ ಕಲಿಯಬೇಕು. ಕಲಿಯದಿದ್ದರೆ ಸಿಲಿಂಡರಿನೊಳಗೆ ಅಕಾಲದಲ್ಲಿ ಸಿಡಿದು ಪಿಸ್ಟನ್ನೇ ಒಡೆದೀತು. ಅದೆಲ್ಲ ಆದ ಮೇಲೆ ಕ್ಲಚ್ ಸೋಲುತ್ತದೆ!

ಇನ್ನು ಹೊಗೆಯ ದಾರಿ. ಟರ್ಬೊ ದಾಟಿದ ಹೊಗೆ ಮುಂದೆ ತಡೆಯಿಲ್ಲದೆ ಹರಿದಷ್ಟೂ ಚಕ್ರಕ್ಕೆ ಕಸುವು ಹೆಚ್ಚು. 2 ಇಂಚಿನ ಕೊಳವೆ ತೆಗೆದು 3 ಇಂಚಿನದು ಹಾಕಿದರೆ ಅಗಲ ಒಂದೂವರೆ ಪಟ್ಟು, ಆದರೆ ಬಾಯಿಯ ವಿಸ್ತೀರ್ಣ ಎರಡೂಕಾಲು ಪಟ್ಟು! ಆ ಒಂದು ಇಂಚಿನ ಮಹಿಮೆ ಅದು. ಸದ್ದಿಗೂ ಕಸುವಿಗೂ ಸಂಬಂಧವಿಲ್ಲ. ಟರ್ಬೊ ಸದ್ದನ್ನು ತಾನೇ ಒಂದಿಷ್ಟು ನುಂಗುತ್ತದೆ. "ಸಪ್ಪಳಾ ಮಾಡೂದು ಬ್ಯಾರೆ, ಓಡೂದು ಬ್ಯಾರೆ" ಎಂದರು ಮೇಸ್ತ್ರಿ.

ಈ ಉಪಾಯ ಹೊಳೆದದ್ದು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿಗೆ, ಪೇಟೆಂಟ್ ಪಡೆದದ್ದು 1905ರಲ್ಲಿ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು 14,000 ಅಡಿಯ ಪೈಕ್ಸ್ ಪೀಕ್ ಬೆಟ್ಟಕ್ಕೆ ಹೊತ್ತೊಯ್ದರು. ಬಯಲಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದದ್ದು ತುದಿಯ ತೆಳು ಗಾಳಿಯಲ್ಲಿ 230ಕ್ಕೆ ಕುಸಿಯಿತು. ಟರ್ಬೊ ಜೋಡಿಸಿದರು: 356! ಕಾರಿಗೆ ಅದು ಇಳಿದದ್ದು 1962ರಲ್ಲಿ. 1977ರಲ್ಲಿ ರೆನೊ ಕಂಪನಿ ಟರ್ಬೊ ಕಾರನ್ನು ಫಾರ್ಮುಲಾ ಒನ್ನಿಗೆ ತಂದಾಗ, ಪದೇ ಪದೇ ಹೊಗೆಯುಗುಳಿ ನಿಲ್ಲುತ್ತಿದ್ದ ಅದನ್ನು "ಹಳದಿ ಟೀಪಾಟ್" ಎಂದು ನಗೆಯಾಡಿದರು. ಎರಡೇ ವರ್ಷ, 1979ರಲ್ಲಿ ಅದೇ ರೆನೊ ಫ್ರೆಂಚ್ ಗ್ರಾಂಪ್ರಿ ಗೆದ್ದಿತು.

ತಲೆ ತುಂಬ ಇದನ್ನೇ ತುಂಬಿಕೊಂಡು ಗ್ಯಾರೇಜಿನಿಂದ ಹೊರಬಂದೆ. ಕಿವಿ ಬದಲಾಗಿತ್ತು! ಎಪಿಎಂಸಿ ಗೇಟಿನತ್ತ ಹತ್ತಿ ಅಂಡಿಗೆ, ಮೆಣಸಿನಕಾಯಿ ಚೀಲ ಹೊತ್ತು ತಿರುಗುತ್ತಿದ್ದ ಲಾರಿಗಳ ಆ ಸಣ್ಣ ಸೀಟಿ ಟರ್ಬೊದ್ದೇ. ಹುಬ್ಬಳ್ಳಿ-ಧಾರವಾಡದ ನಡುವೆ ಸುಯ್ಯೆಂದು ಹಾಯುವ ಚಿಗರಿ ಬಸ್ಸಿನ ಎದೆಯಲ್ಲೂ ಟರ್ಬೊ. ಅಮರಗೋಳದ ಸ್ಟೇಷನ್ನು ಹಾಯ್ದು ಹೋಗುವ ರೈಲು ದಾರಿಯಲ್ಲಂತೂ ಅದರ ತಾತನೇ ಓಡಾಡಿದ್ದಾನೆ. 1999ರಲ್ಲಿ ಅಮೆರಿಕದಿಂದ ಬಂದಿಳಿದ 4,000 ಅಶ್ವಶಕ್ತಿಯ ಡಬ್ಲ್ಯೂಡಿಜಿ4 ಎಂಜಿನ್ನುಗಳ ತವರು ಹುಬ್ಬಳ್ಳಿಯ ಡೀಸೆಲ್ ಶೆಡ್. ಹದಿನಾರು ಸಿಲಿಂಡರ್, ಒಂದೊಂದೂ ಹನ್ನೊಂದೂವರೆ ಲೀಟರಿಗೂ ಹೆಚ್ಚು. ಆರು ಆಕ್ಟೇವಿಯಾ ಎಂಜಿನ್ ಸೇರಿದರೂ ಅದರ ಒಂದು ಸಿಲಿಂಡರಿಗೆ ಸಾಟಿಯಾಗವು! ಎರಡು ಸ್ಟ್ರೋಕಿನ ಈ ಎಂಜಿನ್ನಿಗೆ ತಾನಾಗಿ ಉಸಿರೆಳೆಯಲು ಬಾರದು. ನಿಧಾನವಿದ್ದಾಗ ಎಂಜಿನ್ನೇ ಹಲ್ಲುಗಾಲಿಗಳಿಂದ ಟರ್ಬೊವನ್ನು ತಿರುಗಿಸುತ್ತದೆ. ಹೊಗೆಗೆ ಕಸುವು ಬಂದೊಡನೆ ಕ್ಲಚ್ ತಾನಾಗಿ ಬಿಟ್ಟುಕೊಡುತ್ತದೆ. ಮಗನಿಗೆ ಸೈಕಲ್ ಕಲಿಸುವ ಅಪ್ಪ ಸೀಟು ಬಿಟ್ಟ ಹಾಗೆ!

ಆದರೆ ರಸ್ತೆಯ ಕಾರಿಗೆ ಇದನ್ನೆಲ್ಲ ಮಾಡಿಸುವವರು ಕಾನೂನು ನೋಡಿ ಹೆಜ್ಜೆ ಇಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. ತಪ್ಪಿದರೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಶಿವಮೊಗ್ಗ, ಉಡುಪಿಯಲ್ಲಿ ಕರ್ಕಶ ಸೈಲೆನ್ಸರುಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿದ್ದನ್ನು ನೋಡಿದ್ದೇವೆ. ಕೆ04 ಹಾಕಿದ ಕಾರಿಗೆ ತಕ್ಕ ಜಾಗ ರೇಸ್ ಟ್ರ್ಯಾಕು, ಹುಬ್ಬಳ್ಳಿ-ಧಾರವಾಡದ ಪಿ.ಬಿ. ರಸ್ತೆಯಲ್ಲ.

ಟರ್ಬೊ ಗಾಡಿ ಇದ್ದವರಿಗೆ ಮಾತ್ರ ಒಂದು ಕಿವಿಮಾತು, ಇದಕ್ಕೆ ಖರ್ಚಿಲ್ಲ. ಜೋರಾಗಿ ಓಡಿಸಿ ಬಂದ ಕೂಡಲೇ ಚಾವಿ ತಿರುಗಿಸಬೇಡಿ. ಎಂಜಿನ್ ನಿಂತರೆ ಎಣ್ಣೆಯ ಹರಿವೂ ನಿಲ್ಲುತ್ತದೆ, ಕಾದ ದಂಡದ ಸುತ್ತ ನಿಂತ ಎಣ್ಣೆ ಸುಟ್ಟು ಕರಿಕಾಗುತ್ತದೆ. ಒಂದು ನಿಮಿಷ ಗಾಡಿಯನ್ನು ಹಾಗೇ ಚಾಲೂ ಇಟ್ಟು, ಆಮೇಲೆ ಬಂದ್ ಮಾಡಿ.