ಲ್ಯಾಪ್‌ಟಾಪು ಮೂಕವಾದಾಗ

ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಸಾಗುವ ಹೆದ್ದಾರಿಯ ಮೇಲೆ ಬಾದಾಮಿ ತಾಲ್ಲೂಕಿನ ಕೆರೂರ ಸಿಕ್ಕುತ್ತದೆ. ಆ ಊರಿನ ಪರಿಚಿತರೊಬ್ಬರ ಮನೆಯಲ್ಲಿ ಈಚೆಗೆ ಒಂದು ಮೂಕ ಯಂತ್ರವನ್ನು ಕಂಡೆನು. ಅದು ಕ್ರೋಮ್‌ಬುಕ್ ಜಾತಿಯ ಲ್ಯಾಪ್‌ಟಾಪು. ಮತ್ತೊಬ್ಬರು ಬಳಸಿ ಬಿಟ್ಟದ್ದನ್ನು ಅಗ್ಗವಾಗಿ ಕೊಂಡು ತಂದಿದ್ದರು. ಕ್ರೋಮ್ ಓಎಸ್ ಎಂಬ ವ್ಯವಸ್ಥೆಯಿಂದ ನಡೆಯುವ ಈ ಯಂತ್ರಗಳಿಗೆ ತಿದ್ದುಪಡಿಗಳು ಬರುವ ಅವಧಿ ಗೊತ್ತುಪಡಿಸಿದ್ದಾಗಿರುತ್ತದೆ. ಅವಧಿ ತೀರಿತೆಂದು ಯಂತ್ರವೇನೂ ಕೆಡುವುದಿಲ್ಲ. ಆದರೆ ಅಂತರ್ಜಾಲದಲ್ಲಿ ಅದರ ಬಳಕೆ ಅಷ್ಟು ಕ್ಷೇಮವಲ್ಲ. ಆದುದರಿಂದ ಮನೆಯ ಕಿರಿಯ ಮಗನು ಮೂಲ ವ್ಯವಸ್ಥೆಯನ್ನು ಅಳಿಸಿ, ಅದರಲ್ಲಿ ಲಿನಕ್ಸನ್ನು ನೆಲೆಗೊಳಿಸಿದ್ದನು. ಪರದೆ ಬೆಳಗಿತು, ಕೀಲಿಮಣೆ ನಡೆಯಿತು, ವೈ-ಫೈ ಹತ್ತಿತು. ಧ್ವನಿ ಮಾತ್ರ ಹೊರಡಲಿಲ್ಲ.

ಇದನ್ನು ಸಣ್ಣ ಕೊರತೆಯೆಂದು ತಳ್ಳಿಹಾಕುವಂತಿರಲಿಲ್ಲ. ಆ ಹುಡುಗನ ಅಕ್ಕನಿಗೆ ದೃಷ್ಟಿ ತೀರ ಮಂದ. ಪದವಿಯ ಪಾಠಗಳನ್ನು ಆಕೆ ಕಿವಿಯಿಂದಲೇ ಓದಬೇಕು. ಪರದೆಯ ಮೇಲಿನದನ್ನು ಓದಿ ಹೇಳುವ ಓರ್ಕಾ, ಕನ್ನಡವನ್ನೂ ಉಚ್ಚರಿಸಬಲ್ಲ ಇ-ಸ್ಪೀಕ್ ಎನ್‌ಜಿ, ಇವೆರಡೂ ಲಿನಕ್ಸಿನಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆಂದೇ ಈ ಸಾಹಸ ನಡೆದಿತ್ತು. ಧ್ವನಿಯಿಲ್ಲದಿದ್ದರೆ ಆಕೆಯ ಪಾಲಿಗೆ ಆ ಪರದೆ ಬರಿಯ ಗಾಜು. ಸ್ಪೀಕರು ಸುಟ್ಟಿದೆಯೆಂದು ಮನೆಯವರು ಆಗಲೇ ತೀರ್ಮಾನಿಸಿದ್ದರು. ಆದರೆ ಹಿಂದಿನ ದಿನದವರೆಗೂ ಮಾತಾಡುತ್ತಿದ್ದ ಯಂತ್ರವು ವ್ಯವಸ್ಥೆ ಬದಲಾದೊಡನೆಯೇ ಮೂಕವಾದರೆ, ಸಂಶಯಪಡಬೇಕಾದುದು ಸ್ಪೀಕರನ್ನಲ್ಲ.

ಲ್ಯಾಪ್‌ಟಾಪಿನಲ್ಲಿ ಧ್ವನಿ ಹುಟ್ಟುವ ಬಗೆಯನ್ನು ಇಲ್ಲಿ ಸ್ವಲ್ಪ ನೋಡೋಣ. ತಂತ್ರಾಂಶದಿಂದ ಹೊರಡುವ ಧ್ವನಿಯು ಮೊದಲಿಗೆ ಕೇವಲ ಅಂಕಿಗಳ ಸಾಲು. ಪೈಪ್‌ವೈರ್ ಎಂಬ ವ್ಯವಸ್ಥಾಪಕನು ಅದನ್ನು ಕರ್ನೆಲ್ಲಿಗೆ, ಎಂದರೆ ಲಿನಕ್ಸಿನ ತಿರುಳಿಗೆ, ಒಪ್ಪಿಸುತ್ತಾನೆ. ಅಲ್ಲಿ ಅದನ್ನು ಬರಮಾಡಿಕೊಳ್ಳುವ ಭಾಗಕ್ಕೆ ಆಲ್ಸಾ ಎಂದು ಹೆಸರು. 1998 ರಲ್ಲಿ ಆರಂಭವಾದ ಈ ಕೆಲಸ 2003 ರಲ್ಲಿ ಬಂದ ಕರ್ನೆಲ್ 2.6 ರಲ್ಲಿ ಸೇರಿತು. ಮುಂದೆ ಅಂಕಿಗಳು ಧ್ವನಿಸಂಸ್ಕಾರಕ್ಕೆಂದೇ ಮೀಸಲಾದ ಸಣ್ಣ ಗಣಕವನ್ನು ಹಾಯ್ದು, ಕೋಡೆಕ್ ಚಿಪ್ಪಿಗೋ ವರ್ಧಕಕ್ಕೋ ಮುಟ್ಟಿ, ವಿದ್ಯುತ್ ಪ್ರವಾಹವಾಗಿ ಮಾರ್ಪಟ್ಟು, ಸ್ಪೀಕರಿನ ಸುರುಳಿಯನ್ನು ಅಲುಗಿಸುತ್ತವೆ.

ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಇಷ್ಟೆಲ್ಲ ತಾನಾಗಿ ಕೂಡಿಬರುವುದೇಕೆ, ಇಲ್ಲಿ ಏಕಿಲ್ಲ? ಇಂಟೆಲ್ ಸಂಸ್ಥೆಯು 2004 ರಲ್ಲಿ ಪ್ರಕಟಿಸಿದ ಹೈ ಡೆಫಿನಿಷನ್ ಆಡಿಯೋ ಪದ್ಧತಿಯಲ್ಲಿ, ಧ್ವನಿಯ ಚಿಪ್ಪನ್ನು ‘ನೀನಾರು, ನಿನಗೆಷ್ಟು ಬಾಗಿಲು’ ಎಂದು ಕೇಳಿದರೆ ಅದೇ ಉತ್ತರ ಕೊಡುತ್ತದೆ. ಕ್ರೋಮ್‌ಬುಕ್‌ಗಳಲ್ಲಿ ಬಹುಮಟ್ಟಿಗೆ ಇರುವುದು 1986 ರಲ್ಲಿ ಫಿಲಿಪ್ಸ್ ಸಂಸ್ಥೆ ರೂಪಿಸಿದ ಐ-ಸ್ಕ್ವೇರ್-ಎಸ್ ಎಂಬ ಮೂರು ತಂತಿಗಳ ಪದ್ಧತಿ. ಒಂದು ತಂತಿ ತಾಳ ಹಾಕುತ್ತದೆ. ಒಂದು, ಈಗ ಬಂದದ್ದು ಎಡಗಿವಿಯದೋ ಬಲಗಿವಿಯದೋ ಎಂದು ಸೂಚಿಸುತ್ತದೆ. ಮೂರನೆಯದು ಅಂಕಿಗಳನ್ನು ಹೊರುತ್ತದೆ. ಸೆಕೆಂಡಿಗೆ 48,000 ಮಾದರಿಗಳು, ಎರಡು ಕಿವಿಗಳು, ಮಾದರಿಯೊಂದಕ್ಕೆ 16 ಬಿಟ್ಟುಗಳು ಎಂದು ಗುಣಿಸಿದರೆ ಸೆಕೆಂಡಿಗೆ 15,36,000 ತಾಳಗಳಾದುವು. ಇಷ್ಟು ಚುರುಕಾದ ಈ ತಂತಿಗಳು, ತಮ್ಮ ಆಚೆಯ ತುದಿಯಲ್ಲಿ ಯಾರು ಕುಳಿತಿದ್ದಾರೆಂಬುದನ್ನು ಮಾತ್ರ ಎಂದಿಗೂ ಹೇಳಲಾರವು. ಯಾವ ಚಿಪ್ಪು ಯಾವ ತಂತಿಗೆ ಕೂಡಿದೆಯೆಂಬ ವಿವರವನ್ನು ಬೇರೆ ಕಡತಗಳಲ್ಲಿ ಬರೆದಿಟ್ಟಿರಬೇಕು. ಕ್ರೋಮ್ ಓಎಸ್ ಆ ಕಡತಗಳನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಅದನ್ನು ಅಳಿಸಿದಾಗ ಅವೂ ಅಳಿದುಹೋಗುತ್ತವೆ.

ಇಳಕಲ್ಲ ಸೀರೆಯನ್ನು ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಆ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುವರು. ನೂಲು ಎಷ್ಟೇ ಗಟ್ಟಿಯಿರಲಿ, ಕೊಂಡಿ ತಪ್ಪಿದರೆ ಸೆರಗು ಸೀರೆಗೆ ಸೇರದು. ಕೆರೂರಿನ ಯಂತ್ರದಲ್ಲಿ ಹರಿದ ನೂಲು ಒಂದೂ ಇರಲಿಲ್ಲ.

ತಪ್ಪಿದ ಕೊಂಡಿ ಯಾವುದೆಂದು ಹುಡುಕಬೇಕಷ್ಟೆ. ಮೊದಲು ಯುಎಸ್‌ಬಿ ಕಿಂಡಿಗೆ ಹಚ್ಚುವ ಹೆಡ್‌ಫೋನೊಂದನ್ನು ತರಿಸಿದೆವು. ಇಂತಹ ಹೆಡ್‌ಫೋನಿನೊಳಗೆ ಅದರದೇ ಧ್ವನಿಚಿಪ್ಪು ಇರುತ್ತದೆ. ಲ್ಯಾಪ್‌ಟಾಪಿನ ಕೋಡೆಕ್ಕಿನ ಹಂಗು ಅದಕ್ಕಿಲ್ಲ. (ದುಂಡು ತೂತಿಗೆ ಚುಚ್ಚುವ ಹೆಡ್‌ಫೋನಿನಿಂದ ಈ ಪರೀಕ್ಷೆ ಆಗದು; ಅದು ಕೋಡೆಕ್ಕನ್ನೇ ನೆಚ್ಚಿಕೊಂಡಿದೆ.) ಹಚ್ಚಿದೊಡನೆಯೇ ಧ್ವನಿ ಬಂದಿತು. ಮೇಲಿನ ಅಂತಸ್ತುಗಳೆಲ್ಲ ಸರಿಯಾಗಿವೆಯೆಂದು ಇದರಿಂದ ಸಿದ್ಧವಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಸಂಜೆಯಿಂದಲೇ ಅಕ್ಕನ ಓದು ಸಾಗುವಂತಾಯಿತು. ದುರಸ್ತಿಗೆ ಕೈಹಾಕುವವರು ಬಹಳ ಮಂದಿ, ಬಳಸುವವರ ಕೆಲಸ ಅಷ್ಟು ದಿನ ನಿಲ್ಲುತ್ತದೆಂಬುದನ್ನೇ ಮರೆತುಬಿಡುತ್ತಾರೆ.

ಹೆಡ್‌ಫೋನನ್ನು ತೆಗೆದು ಧ್ವನಿಯ ಹೊಂದಾಣಿಕೆಗಳ ಪುಟವನ್ನು ತೆರೆದಾಗ ‘ಡಮ್ಮಿ ಔಟ್‌ಪುಟ್’ ಎಂಬ ಹೆಸರೊಂದೇ ಕಂಡಿತು. ವ್ಯವಸ್ಥೆಗೆ ಧ್ವನಿಯ ಸಾಧನವೇ ದೊರೆತಿಲ್ಲವೆಂದು ಇದರ ಅರ್ಥ. ಇಂತಹ ಸಂದರ್ಭದಲ್ಲಿ ಪೈಪ್‌ವೈರನ್ನು ಮೇಲಿಂದ ಮೇಲೆ ನಿಲ್ಲಿಸಿ ನಡೆಯಿಸುವುದು ವ್ಯರ್ಥ ಶ್ರಮ. ಕರ್ನೆಲ್ಲಿನ ದಿನಚರಿಯನ್ನು ತೋರಿಸುವ ‘ಡಿಮೆಸ್ಗ್’ ಆಜ್ಞೆಯನ್ನು ಕೊಟ್ಟೆವು. ಧ್ವನಿಯ ಫರ್ಮ್‌ವೇರ್ ಕಡತವೊಂದರ ಹೆಸರು, ಅದರ ಮುಂದೆ ‘ದೋಷ -2’ ಎಂಬ ಸಾಲು ಅಲ್ಲಿತ್ತು. ಋಣ ಚಿಹ್ನೆಯ ಈ ಎರಡನ್ನು ನೋಡಿ ಹೆದರುವವರುಂಟು. ಅದರ ಅರ್ಥ ಇಷ್ಟೆ: ಅಂತಹ ಕಡತ ಇಲ್ಲಿಲ್ಲ.

ಆ ಕಡತವು ಸೌಂಡ್ ಓಪನ್ ಫರ್ಮ್‌ವೇರ್ ಎಂಬ, 2018 ರಲ್ಲಿ ಬಹಿರಂಗವಾದ, ಯೋಜನೆಗೆ ಸೇರಿದುದು. ಧ್ವನಿಸಂಸ್ಕಾರದ ಸಣ್ಣ ಗಣಕವು ಪ್ರತಿ ಬಾರಿ ಎಚ್ಚರವಾದಾಗಲೂ ತಾನು ಮಾಡಬೇಕಾದುದನ್ನು ಹೊರಗಿನಿಂದಲೇ ಕಲಿಯಬೇಕು; ಕಲಿಸುವುದು ಈ ಕಡತ. ಜೊತೆಗೆ ಟೋಪಾಲಜಿ ಎಂಬ ಇನ್ನೊಂದು ಕಡತ ಬೇಕು. ಧ್ವನಿಯು ಹರಿಯಬೇಕಾದ ಕಾಲುವೆಗಳ ನಕ್ಷೆಯೇ ಅದು. ಎರಡನ್ನೂ ಲಿನಕ್ಸಿನ ಭಂಡಾರದಿಂದ ಇಳಿಸಿಕೊಂಡು ಯಂತ್ರವನ್ನು ಮತ್ತೆ ಹೊತ್ತಿಸಿದಾಗ ‘ಡಮ್ಮಿ’ ಹೋಗಿ, ಸಾಧನದ ನಿಜವಾದ ಹೆಸರು ಮೂಡಿತು. ಆದರೆ ಮೌನ ಹಾಗೆಯೇ ಉಳಿದಿತ್ತು.

ಸಾಧನವು ಕಂಡೂ ಧ್ವನಿ ಬಾರದಿದ್ದರೆ ನೋಡಬೇಕಾದುದು ಕೋಡೆಕ್ಕಿನ ಒಳಗಿನ ಗುಂಡಿಗಳನ್ನು. ಇಂದಿನ ಕೋಡೆಕ್ಕುಗಳಲ್ಲಿ ಇಂತಹ ಗುಂಡಿಗಳು ಹತ್ತಾರು ಇರುತ್ತವೆ. ಸ್ಪೀಕರಿಗೆ ಯಾವುವು, ಹೆಡ್‌ಫೋನಿಗೆ ಯಾವುವು ತೆರೆಯಬೇಕೆಂಬ ಪಟ್ಟಿಗೆ ಯುಸಿಎಂ ಎಂದು ಹೆಸರು. ‘ಆಲ್ಸಾಮಿಕ್ಸರ್’ ಎಂಬ ಉಪಕರಣದಲ್ಲಿ ಕಂಬದ ಕೆಳಗೆ ‘ಎಂ ಎಂ’ ಎಂದಿದ್ದರೆ ಆ ಬಾಗಿಲು ಮುಚ್ಚಿದೆ. ನಮ್ಮ ಯಂತ್ರಕ್ಕೆ ಹೊಂದುವ ಪಟ್ಟಿಯೇ ಅಲ್ಲಿರಲಿಲ್ಲ. ಕ್ರೋಮ್‌ಬುಕ್‌ಗಳಿಗಾಗಿಯೇ ಇಂತಹ ಪಟ್ಟಿಗಳನ್ನು ಕಲೆಹಾಕಿ ಹಂಚುವ ಸ್ವಯಂಸೇವಕರಿದ್ದಾರೆ. ಆದರೆ ಹುಡುಕಲು ಯಂತ್ರದ ಮಾರಾಟದ ಹೆಸರು ಸಾಲದು. ಅದರ ಫಲಕಕ್ಕೆ ಗೂಗಲ್ ಇಟ್ಟ ಒಳಹೆಸರು ಬೇಕು. ವ್ಯವಸ್ಥೆಯನ್ನು ಅಳಿಸುವ ಮುನ್ನವೇ ಅದನ್ನು ಬರೆದಿಟ್ಟುಕೊಳ್ಳುವುದು ಲೇಸು.

ಈ ಹಂತದಲ್ಲಿ ಹುಡುಗನು ಅವಸರಪಟ್ಟು, ಕಂಬಗಳನ್ನೆಲ್ಲ ಒಮ್ಮೆಗೇ ತುದಿಗೆ ಏರಿಸಿಬಿಡುವೆನೆಂದನು. ನಾನು ಅವನ ಕೈ ಹಿಡಿದೆನು. ಲ್ಯಾಪ್‌ಟಾಪಿನ ಸ್ಪೀಕರು ಎಂದರೆ ಸಾಧಾರಣವಾಗಿ ಒಂದೆರಡು ವ್ಯಾಟ್ ತಾಳಬಲ್ಲ ಪುಟ್ಟ ವಸ್ತು. ಅದನ್ನು ನಡೆಯಿಸುವ ವರ್ಧಕಗಳಲ್ಲಿ ಕೆಲವು 4 ಓಮಿನ ಸುರುಳಿಗೆ 3 ವ್ಯಾಟಿಗೂ ಮಿಕ್ಕಿ ಕೊಡಬಲ್ಲವು. ತಂತ್ರಾಂಶದಿಂದ ತಗ್ಗಿಸುವ ಏರ್ಪಾಡು ಅಂತಹ ವರ್ಧಕದೊಳಗೆ ಇಲ್ಲದಿರಲೂಬಹುದು. ಮೂಲ ವ್ಯವಸ್ಥೆಯಲ್ಲಿ ಇದಕ್ಕೆ ಕಡಿವಾಣ ಹಾಕುತ್ತಿದ್ದುದು ಮತ್ತೊಂದು ಕಡತ. ಅದಿಲ್ಲದೆ ಹೋದಾಗ ಸುರುಳಿಯ ಕಾವು ಏರುತ್ತದೆ, ಅಂಟು ಸಡಿಲುತ್ತದೆ, ಕೊನೆಗೆ ತಂತಿ ಬೇಯುತ್ತದೆ. ಇಂಟೆಲ್ಲಿನ ಆರನೆಯ ಮತ್ತು ಏಳನೆಯ ಪೀಳಿಗೆಯ ಕೆಲವು ಕ್ರೋಮ್‌ಬುಕ್‌ಗಳ ವಿಷಯದಲ್ಲಿ ಸ್ಪೀಕರು ಸುಡುವ ಅಪಾಯವಿದೆಯೆಂದು ಆ ಸ್ವಯಂಸೇವಕರೇ ಎಚ್ಚರಿಕೆ ಕೊಟ್ಟಿದ್ದಾರೆ. ಜಾಣ ವರ್ಧಕಗಳೆಂಬ ಇನ್ನೊಂದು ಬಗೆಯುಂಟು. ತಾಮ್ರದ ರೋಧವು ಡಿಗ್ರಿಯೊಂದಕ್ಕೆ ನೂರಕ್ಕೆ 0.39 ರಷ್ಟು ಹೆಚ್ಚುವುದೆಂಬ ನಿಯಮವನ್ನು ಹಿಡಿದು, ಅವು ಸುರುಳಿಯ ಕಾವನ್ನು ತಾವೇ ಅಳೆದುಕೊಳ್ಳುತ್ತವೆ: 4 ಓಮಿನ ಸುರುಳಿ 50 ಡಿಗ್ರಿ ಕಾದರೆ ಸುಮಾರು 4.8 ಓಮು. ಆದರೆ ಅವುಗಳ ಜಾಣತನಕ್ಕೂ ಸರಿಯಾದ ಕಡತವೇ ಆಧಾರ. ಸುಡದೆ ಇದ್ದ ಸ್ಪೀಕರನ್ನು ಸುಟ್ಟಿದೆಯೆಂದು ಬಗೆದು, ಕೊನೆಗೆ ನಿಜವಾಗಿಯೂ ಸುಡುವ ಸಂಭವವೇ ಇಲ್ಲಿ ಹೆಚ್ಚು.

ಒಳಹೆಸರಿಗೆ ತಕ್ಕ ಪಟ್ಟಿಯನ್ನು ಅದರ ಜಾಗದಲ್ಲಿ ಇರಿಸಿ, ಧ್ವನಿಯನ್ನು ನೂರಕ್ಕೆ ಹತ್ತರ ಮಟ್ಟಕ್ಕೆ ಇಳಿಸಿ, ಯಂತ್ರವನ್ನು ಮತ್ತೆ ಹೊತ್ತಿಸಿದೆವು. ಅಕ್ಕ ತಾನೇ ಬಂದು ಸೂಪರ್, ಆಲ್ಟ್, ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಓರ್ಕಾ ಮಾತಾಡಿತು. ಸ್ವರ ಒಣಗಿದ್ದು, ಕೆರೂರ ಸೀಮೆಯ ಕನ್ನಡವಂತೂ ಅಲ್ಲ. ಆಕೆ ಪಾಠದ ಪುಟವನ್ನು ತೆರೆದು ಎರಡು ಸಾಲು ಕೇಳಿ, “ಇನ್ನಷ್ಟು ಜೋರ ಮಾಡು” ಎಂದಳು. ಹುಡುಗನ ಕೈ ಧ್ವನಿಯ ಕೀಲಿಯತ್ತ ಹೋಯಿತು.

“ದನಿ ಅಲ್ಲೋ ತಮ್ಮಾ,” ಎಂದಳು, “ಓದೂ ವೇಗ.”