ಏಳು ಶಿಕ್ಷಕಿಯರು ಕಟ್ಟಿದ ಸೋದರಿ ಸಂಘ: ಮೌಲ್ಯಪಾಠಕ್ಕೊಂದು ಉದಾಹರಣೆ

ಮೌಲ್ಯಬೋಧನೆಯ ಪಾಠಗಳನ್ನು ವೀಕ್ಷಿಸುವಾಗ ಒಂದು ಕ್ರಮವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ‘ಸೇವೆ’, ‘ಸಹಕಾರ’ ಎಂದು ಬರೆಯುತ್ತಾರೆ, ಅರ್ಥ ಹೇಳುತ್ತಾರೆ, ಉದಾಹರಣೆ ಕೇಳುತ್ತಾರೆ. ಮಕ್ಕಳು ಸರಿಯಾಗಿಯೇ ಉತ್ತರಿಸುತ್ತಾರೆ. ಆದರೆ ಆ ಮೌಲ್ಯ ಯಾರಿಗೆ, ಯಾವಾಗ, ಏಕೆ ಬೇಕಾಯಿತು ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದೇ ಇಲ್ಲ. ಆ ಪ್ರಶ್ನೆಯಿಂದಲೇ ಪಾಠವನ್ನು ಆರಂಭಿಸಲು ನೆರವಾಗುವ ಒಂದು ಚರಿತ್ರೆಯನ್ನು ಇಲ್ಲಿ ವಿವರಿಸುತ್ತೇನೆ. ಅದು ಅಮೆರಿಕದ ಕಾಲೇಜು ಮಹಿಳೆಯರ ಸಂಘವೊಂದರ ಚರಿತ್ರೆ. ಅದನ್ನು ಕಟ್ಟಿದವರು ನಮ್ಮ ವೃತ್ತಿಯವರೇ.

ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿನಿಯರು ಕಟ್ಟಿಕೊಳ್ಳುವ ಸಂಘಕ್ಕೆ ‘ಸೊರಾರಿಟಿ’ ಎನ್ನುತ್ತಾರೆ. ಸೋದರಿ ಎಂಬ ಅರ್ಥದ ಲ್ಯಾಟಿನ್ ಪದ ಅದರ ಮೂಲ. ಇವುಗಳ ಹೆಸರುಗಳು ಸಾಮಾನ್ಯವಾಗಿ ಗ್ರೀಕ್ ಅಕ್ಷರಗಳು. ಸದಸ್ಯತ್ವ ಪದವಿಯೊಂದಿಗೆ ಮುಗಿಯುವುದಿಲ್ಲ. ಇಂಡಿಯಾನಾ ರಾಜ್ಯದ ಗ್ರೀನ್‌ಕ್ಯಾಸಲ್ ಊರಿನ ಕಾಲೇಜು 1867ರಲ್ಲಿ ಮಹಿಳೆಯರಿಗೆ ಪ್ರವೇಶ ಕೊಟ್ಟಿತು. ಪುರುಷರ ಸಂಘಗಳಲ್ಲಿ ಅವರಿಗೆ ಸಮಾನ ಸ್ಥಾನವಿರಲಿಲ್ಲ. 1870ರಲ್ಲಿ ಅಲ್ಲಿನ ವಿದ್ಯಾರ್ಥಿನಿಯರು ‘ಕಪ್ಪಾ ಆಲ್ಫಾ ಥೀಟಾ’ ಎಂಬ ತಮ್ಮದೇ ಸಂಘ ಸ್ಥಾಪಿಸಿದರು.

ಇಂಥ ಸಂಘಗಳು ಬಹುಕಾಲ ಬಿಳಿಯ ಮಹಿಳೆಯರಿಗೆ ಮಾತ್ರ ಮೀಸಲಾಗಿದ್ದವು. ಹಾಗಾಗಿ ಕಪ್ಪು ಮಹಿಳೆಯರು ಪ್ರತ್ಯೇಕ ಸಂಘಗಳನ್ನು ಕಟ್ಟಿಕೊಂಡರು. 1908, 1913 ಮತ್ತು 1920ರಲ್ಲಿ ಹುಟ್ಟಿದ ಮೂರು ಸಂಘಗಳೂ ವಾಷಿಂಗ್ಟನ್ನಿನ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ, ಅಂದರೆ ಕಪ್ಪು ವಿದ್ಯಾರ್ಥಿಗಳೇ ಹೆಚ್ಚಾಗಿದ್ದ ಸಂಸ್ಥೆಯಲ್ಲಿ, ಆರಂಭವಾದವು.

ನಾಲ್ಕನೆಯದರ ಪರಿಸ್ಥಿತಿ ಬೇರೆ. 1922ರ ನವೆಂಬರ್ 12ರಂದು ಇಂಡಿಯಾನಾಪೊಲಿಸ್ ನಗರದಲ್ಲಿ ಮೇರಿ ಲೂ ಆಲಿಸನ್ ಮತ್ತು ಇತರ ಆರು ಶಾಲಾ ಶಿಕ್ಷಕಿಯರು ‘ಸಿಗ್ಮಾ ಗ್ಯಾಮಾ ರೋ’ ಸಂಘ ಆರಂಭಿಸಿದರು. ವರ್ಣದ್ವೇಷಿ ಸಂಘಟನೆಯಾದ ಕು ಕ್ಲುಕ್ಸ್ ಕ್ಲಾನ್ ಆ ರಾಜ್ಯದಲ್ಲಿ ಪ್ರಬಲವಾಗಿದ್ದ ಕಾಲವದು. 1924ರಲ್ಲಿ ಅದರ ಬೆಂಬಲ ಪಡೆದವರೇ ರಾಜ್ಯಪಾಲರಾಗಿ ಚುನಾಯಿತರಾದರು. 1927ರಲ್ಲಿ ನಗರದ ಕಪ್ಪು ಮಕ್ಕಳಿಗೆಂದೇ ಪ್ರತ್ಯೇಕ ಪ್ರೌಢಶಾಲೆ ತೆರೆಯಿತು. ಅದೇ ವರ್ಷ ಅಲ್ಲಿನ ಬಟ್ಲರ್ ವಿಶ್ವವಿದ್ಯಾಲಯ ಕಪ್ಪು ವಿದ್ಯಾರ್ಥಿಗಳ ಪ್ರವೇಶವನ್ನು ವರ್ಷಕ್ಕೆ 10 ಮಂದಿಗೆ ಮಿತಿಗೊಳಿಸಿತು. 1929ರ ಡಿಸೆಂಬರ್ 30ರಂದು ಅದೇ ಬಟ್ಲರ್‌ನಲ್ಲಿ ಸಂಘದ ಮೊದಲ ಶಾಖೆಗೆ ಅಧಿಕೃತ ಸನ್ನದು ದೊರೆತು, ಅದು ರಾಷ್ಟ್ರಮಟ್ಟದ ಕಾಲೇಜು ಸಂಘವಾಯಿತು.

ಹೆಚ್ಚಿನ ಸೇವೆ, ಹೆಚ್ಚಿನ ಪ್ರಗತಿ ಎಂಬುದು ಸಂಘದ ಧ್ಯೇಯವಾಕ್ಯದ ಸಾರ. ಹಾಗೆಯೇ ಓದಿದರೆ ಇದು ಯಾವ ಶಾಲೆಯ ಗೋಡೆಯ ಮೇಲಾದರೂ ಇರಬಹುದಾದ ಮಾತು. ಮೇಲಿನ ಪರಿಸ್ಥಿತಿಯ ಪಕ್ಕದಲ್ಲಿಟ್ಟರೆ ಅದರ ತೂಕ ತಿಳಿಯುತ್ತದೆ. ಬಾಗಿಲು ಕಿರಿದಾಗುತ್ತಿದ್ದಾಗ, ಒಳಹೊಕ್ಕವರು ಹೊರಗುಳಿದವರನ್ನು ಮರೆಯಬಾರದೆಂಬ ನಿಲುವು ಅದು. ಸ್ಥಾಪಕಿಯರಲ್ಲೊಬ್ಬರಾದ ವಿವಿಯನ್ ವೈಟ್ ಮಾರ್ಬರಿ ದೀರ್ಘಕಾಲ ಮುಖ್ಯೋಪಾಧ್ಯಾಯಿನಿಯಾಗಿದ್ದರು. ಭಾವಿ ಶಿಕ್ಷಕರ ಬೋಧನಾಭ್ಯಾಸದ ಹೊಣೆಯನ್ನೂ ಹೊತ್ತಿದ್ದರು. ಸಂಘವು ಇಂದಿಗೂ ಅಗತ್ಯವಿರುವ ಮಕ್ಕಳಿಗೆ ಶಾಲಾ ಚೀಲ, ಕಲಿಕಾ ಸಾಮಗ್ರಿ ಒದಗಿಸುವ ಕಾರ್ಯಕ್ರಮ ನಡೆಸುತ್ತದೆ.

ಇನ್ನೊಂದು ಮುಖವನ್ನೂ ಪ್ರಶಿಕ್ಷಣಾರ್ಥಿಗಳು ಬಲ್ಲವರಾಗಿರಬೇಕು. ಅಮೆರಿಕದ ಈ ಬಗೆಯ ಸಂಘಗಳಲ್ಲಿ ಸದಸ್ಯರನ್ನು ಆರಿಸಿಕೊಳ್ಳುವ ಪದ್ಧತಿಯಿದೆ. ಹೊಸಬರಿಗೆ ಕಿರುಕುಳ ಕೊಟ್ಟ ಪ್ರಕರಣಗಳೂ ನಡೆದಿವೆ. ಹೊರಗಿಟ್ಟವರ ಎದುರು ಹುಟ್ಟಿದ ಸೋದರಿತ್ವವೂ ಕೆಲವರನ್ನು ಹೊರಗಿಡಬಲ್ಲದು. ಇದನ್ನು ಮುಚ್ಚಿಟ್ಟರೆ ಮೌಲ್ಯಪಾಠ ಬರಿಯ ಹೊಗಳಿಕೆಯಾಗುತ್ತದೆ.

ಇದನ್ನು ಪಾಠವಾಗಿಸುವ ಬಗೆ ಹೀಗಿರಬಹುದು. ಮೊದಲು ಪರಿಸ್ಥಿತಿಯನ್ನಷ್ಟೇ ಹೇಳಿ: ಏಳು ಶಿಕ್ಷಕಿಯರು, ಬೇರ್ಪಡಿಸಿದ ಶಾಲೆಗಳು, ವರ್ಷಕ್ಕೆ 10 ಸ್ಥಾನ. ‘ಆ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿ, ಗುಂಪಿನಲ್ಲಿ ಚರ್ಚಿಸಲು ಬಿಡಿ. ಆಮೇಲೆ ಅವರು ಮಾಡಿದ್ದೇನೆಂದು ತಿಳಿಸಿ. ಅದಕ್ಕೆ ಯಾವ ಹೆಸರು ಒಪ್ಪುತ್ತದೆಂದು ಮಕ್ಕಳೇ ಹೇಳಲಿ. ಕೊನೆಗೆ ತಮ್ಮೂರಿನ ಮಹಿಳಾ ಸಂಘವೊಂದು ಯಾವ ತೊಂದರೆಗೆ ಉತ್ತರವಾಗಿ ಹುಟ್ಟಿತು, ಅದರಲ್ಲಿ ಯಾರಿಗೆ ಜಾಗ ಸಿಕ್ಕಿಲ್ಲ ಎಂಬುದನ್ನು ಮನೆಯಲ್ಲಿ ಕೇಳಿ ಬರಲಿ. ‘ಸೇವೆ’ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬರೆಯಲು ಆಗ ಸಮಯ ಬಂದಿರುತ್ತದೆ.